ಜಿಗಿಹುಳ ಕಡಿದ ಚಹಾ

ತಿಳವಳ್ಳಿ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕೂತು ಬರೆಯುತ್ತಿದ್ದೇನೆ. ತೈವಾನಿಗೆ ಹೋಗಿಬಂದ ಗೆಳತಿ ಕೊಟ್ಟ ಕಪ್ಪು ಚಹಾದ ಪೊಟ್ಟಣ ಜೊತೆಗಿದೆ. ಜಿಗಿಹುಳ ಕಡಿದ ಎಲೆಗೆ ಜೇನಿನ ವಾಸನೆ ತಾನಾಗಿ ಬರುತ್ತದೆ ಎಂದು ಅವಳ ವಾದ, ಎಸೆನ್ಸ್ ಹಚ್ಚಿದ್ದಾರೆ ಎಂದು ನನ್ನದು. ಸೋತವರು ನಮ್ಮ ಚರ್ಚಾಕೂಟದ ವಾಟ್ಸಾಪ್ ಗುಂಪಿನಲ್ಲಿ ಸೋಲು ಒಪ್ಪಿಕೊಳ್ಳಬೇಕು.

ಅಂಗಡಿಯ ಗಂಗಕ್ಕ ಕುದಿಯುವ ಹಾಲಿಗೇ ಎಲೆ ಸುರಿಯಲು ಹೋದರು. ತಡೆದೆ.

"ಹಾಲಿಲ್ದ ಚಾ ಕುಡಿಯಾಕ ನಿಮಗ ಜ್ವರ ಬಂದಾವೇನ್ರಿ?" ಎನ್ನುತ್ತ ಬರೀ ಬಿಸಿನೀರು ಹೊಯ್ದರು.

ಹಚ್ಚಿದ ವಾಸನೆಯಾದರೆ ನೀರಿಗೆ ತೊಳೆದುಹೋಗಬೇಕು. ಅದಕ್ಕೇ ಮೊದಲೆರಡು ಸಲದ ನೀರನ್ನು ಚೆಲ್ಲಿಸಿ, ಮೂರನೆಯದನ್ನು ಕುಡಿದೆ. ಬಣ್ಣ ತಿಳಿಗೆಂಪು, ಒಗರು ಕಡಿಮೆ. ನುಂಗಿದ ಮೇಲೂ ಜೇನಿನ ವಾಸನೆ ಗಂಟಲಲ್ಲಿ ನಿಂತಿತ್ತು.

ಪಕ್ಕದಲ್ಲಿ ಕೂತಿದ್ದ ಭತ್ತದ ರೈತ ಬಸಣ್ಣನಿಗೆ ತೈವಾನಿನ ಹುಳದ ಕತೆ ಹೇಳಿದೆ. ಅವರು ನನ್ನ ಕಪ್ಪನ್ನು ಮೂಸಿ ನೋಡಿದರು. "ಜಿಗಿಹುಳ ಕಂಡ್ರ ನಾವು ಎಣ್ಣಿ ಹೊಡದು ಕೊಲ್ತೇವಿ. ಅವರು ಸಾಕ್ತಾರೇನ್ರಿ?"

"ಎಣ್ಣಿ ಹೊಡಿಯೂದಿಲ್ರಿ. ಹುಳ ಕಡದ್ರನ ಈ ವಾಸನಿ!"

"ಸುಳ್ಳ. ಏನರ ಹಚ್ಚಿರ್ತಾರ ತಗೋರಿ."

"ಹಚ್ಚಿದ್ರ ಮೂರನೇ ನೀರಿಗೆ ಉಳಿತಿತ್ತೇನ್ರಿ?" ಎಂದು ದನಿ ಏರಿಸಿದೆ. ಗೆಳತಿಯ ಪರವಾಗಿ ನಾನೇ ವಾದಕ್ಕಿಳಿದಿದ್ದೆ.

ಗುಂಪಿಗೆ "ಸೋತೆ" ಎಂದು ಕಳಿಸಿ ಆಯಿತು. ಬಸಣ್ಣ ಮಾತ್ರ ಇನ್ನೂ ಒಪ್ಪಿಲ್ಲ. ಹಿರೇಕೆರೂರಿನ ಬಸ್ಸು ಹೋಯಿತು, ಹೋಗಲಿ.