ಕಪ್ಪು ನಿಂತ ಹೋಳಿಗೆ

ಕೊಟ್ರವ್ವ ದಾವಣಗೆರೆ ಬಿಟ್ಟು ಹರಿಹರ ಸೇರಿ ಎರಡು ವರ್ಷವಾಗಿತ್ತು. ಅದಕ್ಕೂ ಮೊದಲು ಮಂಡಕ್ಕಿ ಭಟ್ಟಿಯ ಒಲೆಗೆ ಭತ್ತದ ಹೊಟ್ಟು, ಹಳೆ ಟೈರಿನ ತುಂಡು ನೂಕುತ್ತಲೇ ವಯಸ್ಸು ಕಳೆದವಳು. ಆಗ ಯಾರಾದರೂ ಹರಿಹರದ ಮಾತೆತ್ತಿದರೆ, "ಅದೂ ಒಂದು ಊರೇನ್ರಿ?" ಎಂದು ಮೂಗು ಮುರಿಯುತ್ತಿದ್ದಳು. ಗಂಡ ಭರಮಣ್ಣ ತೀರಿಕೊಂಡ ಮೇಲೆ ಅಲ್ಲಿಯ ಖಾನಾವಳಿಯೊಂದರಲ್ಲಿ ರೊಟ್ಟಿ ತಟ್ಟುವ ಕೆಲಸ ಸಿಕ್ಕಿತು. ಈಗ ಬೆಳಿಗ್ಗೆ ಹೊಳೆಯಲ್ಲಿ ಮಿಂದು, ಹರಿಹರೇಶ್ವರನಿಗೆ ಕೈಮುಗಿದು ಹಿಟ್ಟಿಗೆ ಕೈಹಾಕುವಳು.

ತೊಂಬತ್ತೆಂಟರ ಶ್ರಾವಣದಲ್ಲಿ ಭಟ್ಟಿಯ ಗೆಳತಿ ಪುಟ್ಟಕ್ಕ ಹೇಳಿ ಕಳಿಸಿದಳು: "ನಂಗೆ ಕಪ್ಪು ನಿಂತೈತೆ. ಸೋಮವಾರ ಹೋಳಿಗೆ ಮಾಡ್ತೀನಿ, ಬಾ."

ತಟ್ಟುತ್ತಿದ್ದ ರೊಟ್ಟಿ ಕೈಯಲ್ಲೇ ಹರಿಯಿತು.

ಕೆಮ್ಮಿದಾಗ ಕಪ್ಪು ಕಫ ಬಿದ್ದರೆ ಎದೆ ತೊಳೆಯುತ್ತಿದೆ, ನಿಂತರೆ ಚೊಕ್ಕಟವಾಯಿತು ಎಂಬುದು ಅವರ ಭಟ್ಟಿಯ ಹೆಂಗಸರ ನಂಬಿಕೆ. ನಿಂತ ವಾರ ಹೋಳಿಗೆ ಮಾಡಿ ನಾಲ್ಕು ಮನೆಗೆ ಹಂಚುವರು. ಭರಮಣ್ಣನಿಗೂ ನಿಂತಿತ್ತು. ಕೊಟ್ರವ್ವ ಬೆಲ್ಲ ಒಂದು ಹಿಡಿ ಹೆಚ್ಚೇ ಹಾಕಿದ್ದಳು. ಮುಂದಿನ ಅಮಾವಾಸ್ಯೆಗೆ ಅವನಿರಲಿಲ್ಲ.

ಸೋಮವಾರ ಬಸ್ಸಿಳಿದು ಭಟ್ಟಿ ಸಾಲಿಗೆ ಕಾಲಿಡುತ್ತಲೇ ಹೊಗೆ ಗಂಟಲು ಹಿಡಿಯಿತು. ಸೆರಗು ಬಾಯಿಗೊತ್ತಿಕೊಂಡಳು. ಇದೇ ಹೊಗೆಯಲ್ಲಿ ಕೂತು ಉಂಡಿದ್ದಳು, ನಕ್ಕಿದ್ದಳು. ಆಗ ಕಿವಿಗೇ ಬೀಳದಿದ್ದ ಕೆಮ್ಮು ಈಗ ಮನೆ ಮನೆಯಿಂದ ಕೇಳಿಸುತ್ತಿತ್ತು. ಬೀದಿಯಲ್ಲಿ ಯಾರೂ ಕೆಮ್ಮು ಬಂದ ಕಡೆ ತಿರುಗಿಯೂ ನೋಡಲಿಲ್ಲ.

"ಬಂದ್ಳಪ್ಪ ಹರಿಹರದ ಗೌಡಸಾನಿ!" ಪುಟ್ಟಕ್ಕ ಬಾಗಿಲಲ್ಲೇ ನಕ್ಕಳು. "ಏನೇ, ಮೂಗು ಮುಚ್ಚಿಕೊಂಡೀಯ? ನಮ್ಮೂರು ನಿಂಗೆ ನಾರ್ತೈತಾ?"

ಅವಳ ಕೆನ್ನೆ ಒಳಗೆ ಸೇರಿತ್ತು. ರವಿಕೆ ಭುಜದಿಂದ ಜಾರುತ್ತಿತ್ತು.

"ಪುಟ್ಟಕ್ಕ, ಎದಿ ಫೋಟೋ ತೆಗಿಸೋಣ, ನಡಿ. ಭಟ್ಟಿ ಬಿಡು. ಖಾನಾವಳಿಯಾಗ ನಿಂಗೂ ಕೆಲ್ಸ ಕೇಳೀನಿ."

"ಹಬ್ಬದ ದಿನ ದವಾಖಾನಿನಾ? ಒಳ್ಳೇ ಮಾತು ಕಲ್ತೀಯವ್ವ! ಉಣ್ಣು ಬಾ."

ಹೋಳಿಗೆಯ ಮೇಲೆ ತುಪ್ಪ ಬಿತ್ತು. ಕೊಟ್ರವ್ವ ಎಲೆ ಮುಟ್ಟಲಿಲ್ಲ.

"ಅವತ್ತು ನಮ್ಮನೇಲಿ ನೀನೂ ಉಂಡಿದ್ದಿ."

ಪುಟ್ಟಕ್ಕನ ಕೈ ತುಪ್ಪದ ಗಿಂಡಿಯ ಮೇಲೆಯೇ ನಿಂತಿತು. "ಅವ ಬೀಡಿ ಸೇದ್ತಿದ್ದ. ನಾ ಸೇದ್ತೀನಾ? ಸುಮ್ನೆ ಅಪಶಕುನ ಆಡಬ್ಯಾಡ" ಎಂದು ಎದ್ದಳು. ಮಧ್ಯಾಹ್ನದ ಪಾಳಿಗೆ ಹೊತ್ತಾಗಿತ್ತು.

ಕೊಟ್ರವ್ವ ಬಾಗಿಲಿಗೆ ಅಡ್ಡ ನಿಂತಳು. "ನನ್ನ ದಾಟಿ ಹೋಗು, ನೋಡೋಣ."

"ಪಕ್ಕಕ್ಕೆ ಸರಿಯೇ, ಹುಚ್ಚಿ! ಮಾಲೀಕ ಬೈತಾನೆ" ಎಂದು ಪುಟ್ಟಕ್ಕ ಅವಳ ತೋಳು ಹಿಡಿದು ಎಳೆದಳು. ನಗುತ್ತಲೇ ಎಳೆದಳು. ಆ ನಗು ಕೆಮ್ಮಿಗೆ ತಿರುಗಿತು. ಒಣ ಕೆಮ್ಮು, ತಳವಿಲ್ಲದ್ದು. ಹೊಸ್ತಿಲ ಹತ್ತಿರ ಕುಸಿದು, ಸೊಂಟಕ್ಕೆ ಸಿಕ್ಕಿಸಿದ್ದ ಬಟ್ಟೆಯ ತುಂಡನ್ನು ಬಾಯಿಗೆ ಒತ್ತಿಕೊಂಡಳು. ಕೊಟ್ರವ್ವ ಬೆನ್ನು ನೀವುತ್ತ "ಶಿವಾ, ಶಿವಾ" ಎಂದಳು. ಅಂಗೈಗೆ ಬರಿಯ ಎಲುಬು ಸಿಕ್ಕಿತು.

ಕೆಮ್ಮು ನಿಂತಾಗ ಪುಟ್ಟಕ್ಕ ಆ ತುಂಡು ಬಿಡಿಸಿ ನೋಡಿದಳು. ಬೆಳ್ಳಗಿತ್ತು. ಮಡಚಿದಳು. ಮತ್ತೆ ಬಿಡಿಸಿ, ಬೆಳಕಿಗೆ ಹಿಡಿದು ನೋಡಿದಳು.

"ಕೊಟ್ರಿ, ಭರಮಣ್ಣಂಗೂ ಹಿಂಗೇ ಇತ್ತಾ?"

"ಹೂಂ."

ಹೊರಗೆ ಯಾರೋ ಪುಟ್ಟಕ್ಕನ ಹೆಸರು ಹಿಡಿದು ಪಾಳಿಗೆ ಕೂಗಿದರು. ಅವಳು ಓಗೊಡಲಿಲ್ಲ. ಕೊಟ್ರವ್ವನ ಸೆರಗು ಹಿಡಿದುಕೊಂಡಳು.

"ಫೋಟೋ ತೆಗಿಯೋವಾಗ ನೀ ಒಳಗೇ ಇರ್ತೀಯಲ್ಲ?"