ಹನ್ನೆರಡನೆಯ ಚಿತ್ರ

ಬೆಳಗಿನ ಐದಕ್ಕೆ ದಾಂಡೇಲಿಯ ನಳದಲ್ಲಿ ನೀರು ಬರುತ್ತದೆ. ಫಿಲ್ಮ್ ತೊಳೆಯಲು ಮಾನ್ವೆಲ್ ಕಾದು ನಿಂತಿರುವುದು ಅದಕ್ಕೇ. ಕಿಟಕಿಗೆ ಕರಿ ಕಂಬಳಿ ಬಿಗಿದ ಬಚ್ಚಲೇ ಅವರ ಡಾರ್ಕ್ ರೂಮು. ಡಿಸೆಂಬರಿನ ಚಳಿ, ಚಿತ್ರ ಮೂಡಿಸುವ ಡೆವಲಪರ್ ದ್ರಾವಣದ ಬಾಟಲಿಯನ್ನು ಕೂಸಿನ ಹಾಲಿನಂತೆ ಬಿಸಿನೀರಲ್ಲಿ ಬೆಚ್ಚಗಿಟ್ಟಿದ್ದಾರೆ. ಡಬ್ಬಿಯೊಳಗಿರುವುದು ನಿನ್ನೆಯ ರೋಲು, ಹನ್ನೆರಡೇ ಚಿತ್ರ. ಹನ್ನೊಂದರ ಚಿಂತೆ ಅವರಿಗಿಲ್ಲ. ಕೊನೆಯದು ಬಿದ್ದಿದೆಯೋ ಇಲ್ಲವೋ ಎಂದು ರಾತ್ರಿಯಿಡೀ ಕಣ್ಣಿಗೆ ಕಣ್ಣು ಹತ್ತಿಲ್ಲ.

"ಮಾಗ್ದಲೀನಕ್ಕ ಮೊದಲನೇ ಬಸ್ಸಿಗೆ ಬರ್ತಾಳ್ರಿ. ಬಿದ್ದಿಲ್ಲಂದ್ರ ಆಕಿಗೆ ಯಾವ ಮಾರಿ ತೋರಿಸಲಿ?" ಎನ್ನುತ್ತಾರೆ. ಆ ಕೊನೆಯ ಚಿತ್ರ ಆಕೆಯ ಮಗನದು.

ನಲವತ್ತೊಂದರ ಮಾನ್ವೆಲ್ ಹಳಿಯಾಳ ತಾಲೂಕಿನವರು, ಆಫ್ರಿಕಾ ಮೂಲದ ಸಿದ್ದಿ ಸಮುದಾಯದವರು. ಹುಡುಗರಾಗಿದ್ದಾಗ ಯಾರದೋ ಸ್ಟುಡಿಯೋದಲ್ಲಿ ಟ್ರೇ ತೊಳೆಯುತ್ತಿದ್ದರು. ಅಲ್ಲಿ ಸಿದ್ದಿಗಳ ಫೋಟೋದಲ್ಲಿ ಅಂಗಿ ಬರುತ್ತಿತ್ತು, ಹಲ್ಲು ಬರುತ್ತಿತ್ತು, ಮುಖವೊಂದು ಬಿಟ್ಟು. ಮಾಲೀಕ ನಕ್ಕು ದುಡ್ಡು ಎಣಿಸಿಕೊಳ್ಳುತ್ತಿದ್ದ. ಮಾಗ್ದಲೀನಾರ ಗಂಡನ ಒಂದೇ ಒಂದು ಫೋಟೋ ಅಲ್ಲಿಯದು. ಆತ ತೀರಿಕೊಂಡ ಮೇಲೆ ಆಕೆಗೆ ಉಳಿದದ್ದು ಬಿಳಿ ಅಂಗಿಯ ಮೇಲೊಂದು ಮಸಿಯ ಕಲೆ. ಆ ಸಿಟ್ಟಿಗೇ ಮಾನ್ವೆಲ್ ಹಳೆಯದೊಂದು ಕ್ಯಾಮೆರಾ ಕೊಂಡರು.

"ದೊಡ್ಡ ವಿದ್ಯಾ ಏನಲ್ರಿ. ನಮ್ಮ ಕರಿ ಮಾರಿಗೆ ಬೆಳಕ ಹೆಚ್ಚಿಗಿ ಬೇಕು, ಶಟರ್ ಸಾವಕಾಶ ಬಿಡಬೇಕು. ಉಸರ ಹಿಡೀರಿ ಅನ್ನಬೇಕು. ಅಷ್ಟ."

ಈಗ ದಿನಕ್ಕೆ ಹತ್ತು ಪಾಸ್‌ಪೋರ್ಟ್ ಫೋಟೋ, ವರ್ಷಕ್ಕೆ ನಲವತ್ತು ಮದುವೆ. ಅತ್ತ ಅಣಶಿಯಿಂದಲೂ ಜನ ಹುಡುಕಿಕೊಂಡು ಬರುತ್ತಾರೆ.

ನಿನ್ನೆಯದು ಮದುವೆಯಲ್ಲ. ಬಂಗೂರನಗರದ ಮೈದಾನದಲ್ಲಿ ಗೋವೆಯ ರಾಕ್ ಬ್ಯಾಂಡು. ಅದರಲ್ಲಿ ಡ್ರಮ್ ಬಾರಿಸುವ ಇನಾಸ ಮಾಗ್ದಲೀನಾರ ಮಗ. ಸಂಜೆಯ ಮೇಲೆ ಆಕೆಯ ಊರಿಗೆ ಬಸ್ಸಿಲ್ಲ, ನೋಡಲು ಬರುವಂತಿರಲಿಲ್ಲ. ಬ್ಯಾಂಡು ಆಟ ಮುಗಿಸಿ ಹಾಗೇ ಹುಬ್ಬಳ್ಳಿಗೆ ಹೊರಡುವುದಿತ್ತು. ಮಗ ಬಾರಿಸುವಾಗಿನ ಮುಖ ಒಂದು ಬೇಕೆಂದು ತಾಯಿ ಹೇಳಿ ಕಳಿಸಿದ್ದರು.

ಮದುವೆಯ ಫೋಟೋದವರು ಮಾಡುವ ಒಂದು ಸಣ್ಣ ಮೋಸವಿದೆ. 'ನಮ್ಮದೂ ಒಂದು ತೆಗೀರಿ' ಎಂದವರಿಗೆಲ್ಲ ಫಿಲ್ಮ್ ಸುರಿದರೆ ಮನೆ ಮಾರಬೇಕಾದೀತು. ಹಾಗಾಗಿ ಫ್ಲ್ಯಾಶಿನ ಗುಂಡಿಯನ್ನಷ್ಟೇ ಒತ್ತುತ್ತಾರೆ. ಬೆಳಕು ಬೀಳುತ್ತದೆ, ಮಂದಿಗೂ ಖುಷಿ. ನಿನ್ನೆ ಪೇಪರ್ ಮಿಲ್ಲಿನ ಹುಡುಗರು ಮುತ್ತಿಕೊಂಡಾಗ ಮಾನ್ವೆಲ್ ಖಾಲಿ ಫ್ಲ್ಯಾಶ್ ಹೊಡೆದದ್ದೇ ಹೊಡೆದದ್ದು. ಇನಾಸನೊಬ್ಬನೇ ಬಾರಿಸುವ ಸರದಿ ಬರುವ ಹೊತ್ತಿಗೆ ಬ್ಯಾಂಡಿನ ಉಳಿದವರಿಗೆ ಹನ್ನೊಂದು ಮುಗಿದು ರೋಲಿನಲ್ಲಿ ಒಂದೇ ಚಿತ್ರ ಉಳಿದಿತ್ತು. ಒತ್ತಿದರು. ಬೆಳಕು ಬೀಳಲಿಲ್ಲ, ಖಾಲಿ ಹೊಡೆದು ಹೊಡೆದೇ ಫ್ಲ್ಯಾಶಿನ ಬ್ಯಾಟರಿ ಸತ್ತಿತ್ತು. ಮದುವೆಯಲ್ಲಾದರೆ ಶಟರ್ ಬಿದ್ದ ಸದ್ದಾದರೂ ಕೇಳುತ್ತದೆ. ಆ ಡ್ರಮ್ಮಿನ ಅಬ್ಬರದಲ್ಲಿ ಅದೂ ಇಲ್ಲ. ಬೆರಳು ಒತ್ತಿದ್ದು ಶಟರನ್ನೋ, ರೂಢಿಯಂತೆ ಫ್ಲ್ಯಾಶಿನ ಗುಂಡಿಯನ್ನೋ? ಮತ್ತೊಮ್ಮೆ ಒತ್ತಿದರೆ ಒಂದರ ಮೇಲೊಂದು ಬಿದ್ದು ಎರಡೂ ಕೆಟ್ಟಾವೆಂದು ಅಂಜಿದರು. ಅಷ್ಟರಲ್ಲಿ ಡ್ರಮ್ ನಿಂತಿತು.

ಈಗ ತೊಳೆದ ಫಿಲ್ಮನ್ನು ಬಲ್ಬಿಗೆ ಹಿಡಿಯುತ್ತಾರೆ. ಹತ್ತು, ಹನ್ನೊಂದು. ಹನ್ನೆರಡರಲ್ಲೂ ಏನೋ ಇದೆ, ಬಲು ತೆಳ್ಳಗೆ. ಶಟರ್ ಬಿದ್ದಿದೆ. ಆದರೆ ಫ್ಲ್ಯಾಶಿಲ್ಲದ ಆ ಬೆಳಕಿನಲ್ಲಿ ಮುಖ ಬಂದಿದೆಯೇ? ಕಾಗದಕ್ಕಿಳಿಸದೆ ಹೇಳುವಂತಿಲ್ಲ. ಫಿಲ್ಮ್ ಆರಿ, ಮಿಲ್ಲಿನ ಭೋಂಗಾ ಕೂಗುವ ಹೊತ್ತಿಗೆ ಮಾಗ್ದಲೀನಾ ಬಾಗಿಲಲ್ಲಿದ್ದಾರೆ. ಮಾನ್ವೆಲ್ ಅವರನ್ನು ಒಳಕ್ಕೆ ಕರೆದು ಬಾಗಿಲು ಹಾಕುತ್ತಾರೆ.

ಕೆಂಪು ದೀಪದಡಿ, ಟ್ರೇಯ ಕಾಗದದ ಮೇಲೆ ಮೊದಲು ಡ್ರಮ್ಮಿನ ಅಂಚು ಮೂಡುತ್ತದೆ. ಆಮೇಲೆ ಮುಖ. ಹುಬ್ಬು, ಗಲ್ಲ, ಹಣೆಯ ಬೆವರು, ಎಲ್ಲ ಇದೆ. ಸಿದ್ದಿ ಮುಖವೆಂದು ರೂಢಿಯಿಂದಲೇ ಸಾವಕಾಶ ಬಿಟ್ಟ ಶಟರ್ ಕೈಹಿಡಿದಿದೆ. ಇನಾಸನೂ ಕ್ಯಾಮೆರಾ ಕಂಡೊಡನೆ, ಚಿಕ್ಕಂದಿನಲ್ಲಿ ಮಾನ್ವೆಲ್ ಕಲಿಸಿದಂತೆ ಉಸಿರು ಹಿಡಿದು ತಲೆ ಅಲುಗಿಸದೆ ಕೂತಿದ್ದಾನೆ. ಕೈ ಮಾತ್ರ ನಿಲ್ಲಿಸಿಲ್ಲ. ಕೈ ಇರಬೇಕಾದಲ್ಲಿ ಬರೀ ಹೊಗೆ.

"ಕೈ ಕೆಟ್ಟಾವ ಅಕ್ಕಾ," ಎಂದು ಮಾನ್ವೆಲ್ ತಲೆ ತಗ್ಗಿಸುತ್ತಾರೆ.

ಮಾಗ್ದಲೀನಾ ಟ್ರೇಯ ಮೇಲೆ ಬಾಗುತ್ತಾರೆ. ಕಣ್ಣು ತುಂಬಿದೆ.

"ಇವರಪ್ಪಂದೂ ಹಿಂಗ, ತಮ್ಮಾ. ನಮ್ಮ ಡಮಾಮ ಡೋಲ ಬಾರಿಸಾಕ ಕುಂತ್ರ ಕೈ ಯಾರಿಗೂ ಕಾಣತಿದ್ದಿಲ್ಲ. ಮಾರಿ ಅಷ್ಟ ಕಾಣತಿತ್ತು."