ನಾನು ಹೇಳದ ಮಾತಿಗೆ ನನ್ನ ರುಜು

ಹೋಟೆಲಿನ ಗಲ್ಲಾ ಮೇಲೆ ಕೂತವನಿಗೆ ಕಥೆಗಳಿಗೇನೂ ಬರಗಾಲವಿಲ್ಲ. ಸತ್ತ ಅತ್ತೆ ಕನಸಿನಲ್ಲಿ ಬಂದು ಬೀರುವಿನ ಕೀಲಿ ಎಲ್ಲಿದೆ ಎಂದು ತೋರಿಸಿದ್ದು, ಖಾಲಿ ಮನೆಯಲ್ಲಿ ಯಾರೋ ನೀರು ಸೇದಿದ್ದು, ಇಂಥವನ್ನೆಲ್ಲ ಕಾಫಿ ಕುಡಿಯುತ್ತಾ ಹೇಳುವವರು ನಮ್ಮಲ್ಲಿ ದಿನಕ್ಕೊಬ್ಬರಾದರೂ ಇದ್ದಾರೆ. ನಾನು ಮರ್ಯಾದೆಗೆ ತಲೆಯಾಡಿಸಿ ಒಳಗೊಳಗೇ ನಗುತ್ತಿದ್ದೆ. ತೀರ ಬಲವಂತ ಮಾಡಿದರೆ ಒಂದೇ ಪ್ರಶ್ನೆ ಕೇಳುತ್ತಿದ್ದೆ: ಇವೆಲ್ಲ ಯಾವಾಗಲೂ ಕತ್ತಲಲ್ಲೇ ಯಾಕೆ ನಡೆಯುತ್ತವೆ, ಹಾಡಹಗಲು ಯಾಕಿಲ್ಲ? ಅಲ್ಲಿಗೆ ಎದುರಿನವರು ಬಿಲ್ಲು ಕೊಟ್ಟು ಹೊರಡುತ್ತಿದ್ದರು. ಈಗ ನಾನು ಬರೆಯಹೊರಟಿರುವುದು ಹಾಡಹಗಲು ಮೂರೂವರೆ ಗಂಟೆಗೆ, ಟ್ಯೂಬ್‌ಲೈಟುಗಳು ಉರಿಯುತ್ತಿದ್ದ ಆಸ್ಪತ್ರೆಯಲ್ಲಿ, ಹತ್ತಾರು ಜನರ ಎದುರು ನಡೆದದ್ದು. ಮಾಡಿದ ತಮಾಷೆಗೆ ಶಾಸ್ತಿಯಾಯಿತು ಎನ್ನಿ.

ನಮ್ಮದು ತಮಿಳು ಸೀಮೆಯ ವೆಸ್ಟ್ ಮಾಂಬಲಂ ಬಡಾವಣೆಯ ಒಂದು ಗಲ್ಲಿಯಲ್ಲಿರುವ ಸಣ್ಣ ಸಸ್ಯಾಹಾರಿ ಹೋಟೆಲು. ಉಡುಪಿ ಕಡೆಯಿಂದ ಬಂದ ಅಪ್ಪ ಅದನ್ನು ತೆರೆದಾಗಲೇ ಅಡುಗೆಗೆ ಸೇರಿದವರು ವಾಸಣ್ಣ. ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಸಾಂಬಾರು ಕುದಿಸಿದ ಮನುಷ್ಯ. ಈಗ ನಾನು ಧಣಿಯಾದರೂ ಅವರು ನನ್ನನ್ನು ನೀನು ಎನ್ನುವುದೇ, ನಾನು ಅವರನ್ನು ನೀವು ಎನ್ನುವುದೇ. ಈ ಘಟನೆಗೆ ಒಂದು ವರ್ಷ ಮೊದಲಿನಿಂದ ಅವರಿಗೆ ಆಗಾಗ ತಲೆ ಸುತ್ತು ಬರುತ್ತಿತ್ತು. ಅಡುಗೆಮನೆಯ ಅಟ್ಟಕ್ಕೆ ಹೋಗುವ ಕಬ್ಬಿಣದ ಏಣಿಯನ್ನು ಇನ್ನೊಮ್ಮೆ ಹತ್ತಿದ್ದು ಕಂಡರೆ ಒಲೆಯ ಹತ್ತಿರವೇ ಬಿಡುವುದಿಲ್ಲ, ತರಕಾರಿ ಹೆಚ್ಚುತ್ತಾ ಕೂರಬೇಕಾಗುತ್ತದೆ ಎಂದು ನಾನು ಖಡಾಖಂಡಿತವಾಗಿ ಹೇಳಿದ್ದೆ. ನಲವತ್ತು ವರ್ಷ ಒಲೆ ಆಳಿದವರಿಗೆ ಅದು ಎಂಥ ಮಾತು ಎಂದು ಆಗ ನನಗೆ ಹೊಳೆಯಲಿಲ್ಲ.

ಆ ದಿನ ಊಟದ ಹೊತ್ತು ಮುಗಿದು ಹುಡುಗರೆಲ್ಲ ಮಹಡಿಯ ಕೋಣೆಯಲ್ಲಿ ಮಲಗಿದ್ದರು. ನಾನು ಹಿಂದಿನ ಬೀದಿಯ ನಮ್ಮ ಮನೆಯಲ್ಲಿ ಮಲಗಿದ್ದೆ. ಪಾತ್ರೆ ತೊಳೆಯುವ ಹೆಂಗಸು ಕೆಲಸಕ್ಕೆ ಬಂದವಳು ಫೋನ್ ಮಾಡಿದಳು. ವಾಸಣ್ಣನ ತಲೆಯಿಂದ ರಕ್ತ ಬರುತ್ತಿದೆ ಎಂದಳು. ಓಡಿದೆ. ಅವರು ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಕೂತು ಹಣೆಗೆ ಹೆಗಲ ಮೇಲಿನ ಬೈರಾಸು ಒತ್ತಿ ಹಿಡಿದಿದ್ದರು. ಬೈರಾಸೆಲ್ಲ ಕೆಂಪು. ಬಾಗಿಲಿನ ಚೌಕಟ್ಟು ಬಡಿಯಿತು ಎಂದರು. ನಾನು ನಂಬಿದೆ. ನಂಬದಿರಲು ಕಾರಣವೂ ಇರಲಿಲ್ಲ; ಏಣಿ ತನ್ನ ಜಾಗದಲ್ಲಿ ಗೋಡೆಗೆ ಒರಗಿತ್ತು. ಫ್ಲಾಸ್ಕಿಗೆ ಬಿಸಿ ಕಾಫಿ ತುಂಬಿಸಿಕೊಂಡು ಅವರನ್ನು ಆಟೋಗೆ ಹತ್ತಿಸಿದೆ. ಹೋಟೆಲಿನವರಿಗೆ ಯಾವ ಕಷ್ಟಕ್ಕೂ ಮೊದಲು ನೆನಪಾಗುವುದು ಫ್ಲಾಸ್ಕು.

ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ತುರ್ತು ವಿಭಾಗದ ಬಾಗಿಲಲ್ಲೇ ಒಬ್ಬ ನರ್ಸು ನಮ್ಮನ್ನು ಎದುರುಗೊಂಡರು. ಐವತ್ತರ ಹತ್ತಿರದ, ಕಡಿಮೆ ಮಾತಿನ ಹೆಂಗಸು. ಎಲ್ಲರೂ ಸೆಲ್ವಿ ಸಿಸ್ಟರ್ ಎನ್ನುತ್ತಿದ್ದರು. ವಾಸಣ್ಣನ ಮಣಿಕಟ್ಟು ಹಿಡಿದುಕೊಂಡೇ ನನ್ನನ್ನು ಕೇಳುತ್ತಾ ಬರೆದುಕೊಂಡರು. ಹೆಸರು, ವಯಸ್ಸು, ಬಿಪಿ ಮಾತ್ರೆ, ಚೌಕಟ್ಟು ಬಡಿದದ್ದು, ಇಷ್ಟು ನಾನು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಕೊನೆಗೆ ಹಾಳೆಯನ್ನು ನನ್ನ ಮುಂದೆ ಹಿಡಿದರು. ಎಲ್ಲರೂ ಹಾಕುವ ಹಾಗೆ, ಓದದೆ ರುಜು ಹಾಕಿದೆ.

ಆಮೇಲೆ ಅವರು ಮಾಡಿದ್ದು ಯಾವುದೂ ನನಗೆ ಸರಿಬರಲಿಲ್ಲ. ಮೂವತ್ತು ವರ್ಷ ಟೇಬಲ್ಲುಗಳನ್ನು ನೋಡಿಕೊಂಡವನು ನಾನು. ಎಲ್ಲಿಗೆ ಹೋದರೂ ಯಾರಿಗೆ ಮೊದಲು ಏನು ಬಡಿಸುತ್ತಾರೆ ಎಂದೇ ಕಣ್ಣು ಹುಡುಕುತ್ತದೆ. ಹಣೆಯಿಂದ ರಕ್ತ ಇಳಿಯುತ್ತಿರುವಾಗ ಆಕೆ ಅಲ್ಲಿ ಹತ್ತಿಯ ದಪ್ಪ ಪಟ್ಟಿಯೊಂದನ್ನಿಟ್ಟು, ಒತ್ತಿ ಹಿಡಿಯಲು ನನ್ನ ಕೈಗೇ ಒಪ್ಪಿಸಿ, ತಾವು ಹೊಟ್ಟೆ ಮುಟ್ಟಿ ನೋಡತೊಡಗಿದರು. ಅಂಗಿ ಕತ್ತರಿಸಿದರು. ಎರಡೂ ಕೈಗೆ ಸೂಜಿ ಚುಚ್ಚಿದರು. ವಾಸಣ್ಣ ಬಾಯಾರಿಕೆ ಎಂದರೆ ಒಂದು ಗುಟುಕು ನೀರೂ ಕೊಡಲಿಲ್ಲ. ನಾನು ಕಾಫಿ ಬಗ್ಗಿಸಿದ್ದೇ ತಡ, ಫ್ಲಾಸ್ಕನ್ನು ಕೈಯಿಂದ ಕಿತ್ತುಕೊಂಡು ಎತ್ತರದ ಕಪಾಟಿನ ಮೇಲಿಟ್ಟರು. ಡಾಕ್ಟರು ಬಂದವರೂ ಹಣೆಯನ್ನು ಕಣ್ಣೆತ್ತಿ ನೋಡದೆ ಹೊಟ್ಟೆಯ ಮೇಲೆ ಒಂದು ಯಂತ್ರ ಆಡಿಸಿದರು. ಎರಡು ನಿಮಿಷಕ್ಕೆ ವಾಸಣ್ಣನನ್ನು ತಳ್ಳಿಕೊಂಡು ಒಳಗೆ ಹೋದರು.

ನನಗೆ ಪಿತ್ತ ನೆತ್ತಿಗೇರಿತು. ದೂರಿನ ಪುಸ್ತಕ ಕೇಳಿ ತರಿಸಿಕೊಂಡು ಒಂದು ಪುಟ ತುಂಬ ಗೀಚಿದೆ. ರಕ್ತ ಬರುವ ಗಾಯವನ್ನು ಬಿಟ್ಟದ್ದು, ನೀರು ಕೊಡದೇ ಇದ್ದದ್ದು, ಫ್ಲಾಸ್ಕು ಕಿತ್ತುಕೊಂಡದ್ದು. ಸಾಂಬಾರು ತಣ್ಣಗಿದೆ ಎಂದು ನನ್ನ ಹೋಟೆಲಿನಲ್ಲಿ ಯಾರಾದರೂ ಬರೆದರೆ ವಾರವೆಲ್ಲ ಗೊಣಗುವ ನಾನು, ಅಲ್ಲಿ ಸೆಲ್ವಿ ಸಿಸ್ಟರ್ ಹೆಸರಿನ ಕೆಳಗೆ ಎರಡು ಗೆರೆ ಬೇರೆ ಎಳೆದೆ.

ಸಂಜೆ ಡಾಕ್ಟರು ಹೊರಗೆ ಬಂದು ನನ್ನನ್ನು ಕೂರಿಸಿ ಹೇಳಿದರು. ವಾಸಣ್ಣನ ಗುಲ್ಮ, ಅಂದರೆ ಎಡಪಕ್ಕೆಯ ಒಳಗಿರುವ ಸ್ಪ್ಲೀನ್, ಒಡೆದು ಹೊಟ್ಟೆಯ ತುಂಬ ರಕ್ತ ಸೇರಿತ್ತು. ಆಪರೇಷನ್ ಆಯಿತು, ಉಳಿಯುತ್ತಾರೆ. ಹಣೆಯ ಗಾಯ ಕಾಯುತ್ತದೆ, ಹೊಟ್ಟೆ ಕಾಯುವುದಿಲ್ಲ ಎಂದರು. ಸಿಸ್ಟರ್ ಬರೆದುಕೊಂಡ ವಿವರ ಇಲ್ಲದಿದ್ದರೆ ಮೊದಲು ತಲೆಯ ಸ್ಕ್ಯಾನಿಗೇ ಕಳಿಸುತ್ತಿದ್ದೆ, ಅಷ್ಟು ಹೊತ್ತು ಅವರು ತಡೆಯುತ್ತಿರಲಿಲ್ಲ ಎಂದೂ ಹೇಳಿದರು. ಯಾವ ವಿವರ ಎಂದು ಕೇಳುವಷ್ಟು ಜೀವ ನನ್ನಲ್ಲಿರಲಿಲ್ಲ, ಅಳುತ್ತಿದ್ದೆ. ಅಷ್ಟರಲ್ಲಿ ಸೆಲ್ವಿ ಸಿಸ್ಟರ್ ಮನೆಗೆ ಹೊರಟವರು ನಿಂತು ನನ್ನ ಫ್ಲಾಸ್ಕು ಕೊಟ್ಟರು. ತೊಳೆದು, ಒರೆಸಿ, ಮುಚ್ಚಳವನ್ನು ಸಡಿಲವಾಗಿ ಇಟ್ಟಿದ್ದರು, ಒಳಗೆ ವಾಸನೆ ಕಟ್ಟದ ಹಾಗೆ. ನನ್ನ ಹೋಟೆಲಿನಲ್ಲಿ ಅದನ್ನು ಎರಡೆರಡು ಸಲ ಹೇಳಿ ಮಾಡಿಸಬೇಕು. ನಾಚಿಕೆಯಿಂದ ಅವರ ಮುಖ ನೋಡಲಾಗಲಿಲ್ಲ.

ನಾಲ್ಕು ದಿನ ಬಿಟ್ಟು, ದೂರು ವಿಚಾರಿಸುವ ಅಧಿಕಾರಿಯ ಕಚೇರಿಯಿಂದ ಕರೆ ಬಂತು. ದೂರು ವಾಪಸು ತೆಗೆದುಕೊಳ್ಳುತ್ತೇನೆ ಎಂದು ಹೋದೆ. ತೆಗೆದುಕೊಂಡರೂ ಉತ್ತರ ಕೊಡುವುದು ತಮ್ಮ ಪದ್ಧತಿ ಎಂದು ಅವರು ಆ ದಿನದ ಹಾಳೆಯನ್ನು ಮುಂದಿಟ್ಟು ಓದಿಸಿದರು. ಅದರಲ್ಲಿ ಹೀಗಿತ್ತು: ಅಟ್ಟದಿಂದ ದೊಡ್ಡ ಪಾತ್ರೆ ಇಳಿಸುವಾಗ ಏಣಿಯ ನಾಲ್ಕನೇ ಮೆಟ್ಟಿಲಿನಿಂದ ಬಿದ್ದದ್ದು, ಎಡಪಕ್ಕೆ ಗ್ರೈಂಡರಿನ ಅಂಚಿಗೆ ಬಡಿದದ್ದು, ಆಮೇಲೆ ಹಣೆ ನೆಲಕ್ಕೆ ತಾಗಿದ್ದು, ಎಡಭುಜ ನೋವು. ಹೇಳಿದವರು ಎಂಬಲ್ಲಿ ನನ್ನ ಹೆಸರು. ಕೆಳಗೆ ನನ್ನ ರುಜು.

ನಾನು ಇದನ್ನು ಹೇಳಿಲ್ಲ, ನನಗೆ ಗೊತ್ತೇ ಇರಲಿಲ್ಲ ಎಂದೆ. ಸೆಲ್ವಿ ಸಿಸ್ಟರನ್ನು ಕರೆಸಿದರು. ಅವರು ನನ್ನ ಮೇಲೆ ಸಿಟ್ಟಾಗಿರಲಿಲ್ಲ. ಹಾಳೆಯನ್ನು ನೋಡಿ ಶಾಂತವಾಗಿ, "ನೀಂಗದಾನೆ ಸಾರ್ ಸೊನ್ನೀಂಗ" ಎಂದು ತಮಿಳಿನಲ್ಲಿ ಅಂದರು. ನೀವೇ ಅಲ್ಲವೇ ಹೇಳಿದ್ದು. ಮೊದಲು ಚೌಕಟ್ಟು ಎಂದಿರಿ, ಆಮೇಲೆ ಪೇಷೆಂಟಿಗೆ ಕೇಳಿಸದ ಹಾಗೆ ಮೆಲ್ಲಗೆ ಇದನ್ನೆಲ್ಲ ಹೇಳಿದಿರಿ ಎಂದು ನೆನಪಿಸಿದರು. ನೀವೇ ಊಹಿಸಿ ಬರೆದಿರಬಹುದೇ ಎಂದು ಅಂಜುತ್ತಾ ಕೇಳಿದೆ. ಕೇಳದ್ದನ್ನು ಬರೆಯುವ ಅಭ್ಯಾಸ ತನಗಿಲ್ಲ ಎಂದರು, ಅಷ್ಟೆ.

ಅಲ್ಲಿಂದ ನೆಟ್ಟಗೆ ವಾರ್ಡಿಗೆ ಹೋಗಿ ವಾಸಣ್ಣನನ್ನು ಕೇಳಿದೆ, ಏಣಿ ಹತ್ತಿದಿರಾ ಎಂದು. ಅವರು ಹೊದಿಕೆಯ ಅಂಚನ್ನು ತಿರುಚಿದರು. ಆಮೇಲೆ ಒಪ್ಪಿಕೊಂಡರು. ಮರುದಿನದ ಸೀಮಂತದ ಅಡುಗೆಗೆ ಪಾತ್ರೆ ಇಳಿಸಲು ಹತ್ತಿದ್ದು, ನಾಲ್ಕನೇ ಮೆಟ್ಟಿಲಿನಲ್ಲಿ ಕಣ್ಣು ಕತ್ತಲೆ ಬಂದದ್ದು, ಪಕ್ಕೆ ಗ್ರೈಂಡರಿಗೆ ಬಡಿದದ್ದು. ಎದ್ದು ಮೊದಲು ಮಾಡಿದ ಕೆಲಸ ಪಾತ್ರೆಯನ್ನು ಮೂಲೆಗೆ ಸರಿಸಿ ಏಣಿಯನ್ನು ಜಾಗದಲ್ಲಿಟ್ಟದ್ದು. ಒಲೆ ತಪ್ಪುತ್ತದಲ್ಲ ಎಂಬ ಭಯ.

"ನಾನು ಯಾರ ಹತ್ರವೂ ಬಾಯಿ ಬಿಟ್ಟಿಲ್ಲ ಮಾರಾಯ. ನಿನಗೆ ಹೇಗೆ ಗೊತ್ತಾಯ್ತು?" ಎಂದರು.

ಅಂದಿನಿಂದ ನಾನು ಎಲ್ಲ ದಾರಿಯಲ್ಲೂ ಹುಡುಕಿದ್ದೇನೆ. ಆಟೋದಲ್ಲಿ ಅವರು ಅರೆಪ್ರಜ್ಞೆಯಲ್ಲಿ ಗೊಣಗಿದ್ದನ್ನು ನಾನು ಕೇಳಿಸಿಕೊಂಡಿರಬಹುದೇ? ಅವರು ದಾರಿಯುದ್ದಕ್ಕೂ ಸೀಮಂತಕ್ಕೆ ಪಾಯಸ ಯಾವುದು ಎಂದೇ ಮಾತಾಡಿದ್ದರು. ಸಿಸ್ಟರ್ ಪಕ್ಕೆಯ ಗಾಯದ ಗುರುತು ನೋಡಿ ಅಂದಾಜು ಮಾಡಿರಬಹುದೇ? ಗುರುತು ಗ್ರೈಂಡರಿನದು ಎಂದು, ಮೆಟ್ಟಿಲು ನಾಲ್ಕನೆಯದು ಎಂದು ಯಾವ ಚರ್ಮವೂ ಹೇಳುವುದಿಲ್ಲ. ನನ್ನ ಹೆಂಡತಿಯದು ಬೇರೆಯೇ ಮಾತು: ಆ ಮಧ್ಯಾಹ್ನ ಫೋನ್ ಬರುವ ಮೊದಲೇ ನಾನು ಎದ್ದು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದೆನಂತೆ. ನನಗೆ ಅದೂ ನೆನಪಿಲ್ಲ. ಇಂಥ ನೆನಪುಗಳು ಆಮೇಲೆ ಹುಟ್ಟಿಕೊಳ್ಳುತ್ತವೆ ಎಂದು ಅವಳಿಗೆ ಹೇಳುತ್ತೇನೆ; ಹೇಳುವಾಗ ಮೊದಲಿನ ಧೈರ್ಯವಿಲ್ಲ.

ಒಂದು ಸುಲಭದ ದಾರಿ ಇದೆ, ಸೆಲ್ವಿ ಸಿಸ್ಟರ್ ಏನೋ ಬರೆದರು, ಅದು ಹೇಗೋ ತಾಳೆಯಾಯಿತು ಎಂದುಬಿಡುವುದು. ಆದರೆ ಅವರು ಕೆಲಸ ಮಾಡುವುದನ್ನು ನಾನು ನೋಡಿದ್ದೇನೆ. ಪರರ ಫ್ಲಾಸ್ಕಿನ ಮುಚ್ಚಳವನ್ನು ಕೂಡ ಸರಿಯಾಗಿ ಇಡುವ ಕೈ ಅದು. ದೂರಿನ ಪುಸ್ತಕದಲ್ಲಿ ನನ್ನ ಪುಟದ ಕೆಳಗೆ, ಮೇಲಿನದೆಲ್ಲ ತಪ್ಪು, ಇವರಂಥ ಕೆಲಸಗಾರರನ್ನು ನಾನು ಕಂಡಿಲ್ಲ ಎಂದು ಬರೆದು ಬಂದೆ. ಹಾಗೆ ಬರೆದ ಮೇಲೆ ಅವರ ಮಾತನ್ನೂ ನಂಬಲೇಬೇಕಲ್ಲ. ಅವರ ಮಾತನ್ನು ನಂಬಿದರೆ, ಆ ಮೂರೂವರೆ ಗಂಟೆಗೆ ನನ್ನ ಬಾಯಿಂದ ಮಾತಾಡಿದ್ದು ಯಾರು?

ವಾಸಣ್ಣ ಈಗ ಏಣಿಯ ಹತ್ತಿರ ಸುಳಿಯುವುದಿಲ್ಲ. ಒಲೆಯನ್ನು ನಾನು ಅವರಿಂದ ಬಿಡಿಸಲಿಲ್ಲ. ಬೆಳಿಗ್ಗೆ ಸಾಂಬಾರು ಅವರದೇ. ಮಧ್ಯಾಹ್ನ ಗಲ್ಲಾ ಪಕ್ಕದಲ್ಲಿ ಬಂದು ಕೂರುತ್ತಾರೆ. ಯಾರಾದರೂ ಗಿರಾಕಿ ಆರೋಗ್ಯ ವಿಚಾರಿಸಿದರೆ ನನ್ನ ಕಡೆ ಕೈ ತೋರಿಸಿ, ಇವನು ಹೇಳಿದ್ದರಿಂದ ಬದುಕಿದೆ ಎನ್ನುತ್ತಾರೆ. ನಾನಲ್ಲ ಎಂದು ಎಷ್ಟು ಸಲ ಹೇಳಿದರೂ ಕೇಳುವುದಿಲ್ಲ, ಸಂಕೋಚ ಎಂದುಕೊಳ್ಳುತ್ತಾರೆ. ಆ ಮನುಷ್ಯ ಕೈ ಹಿಡಿದು ಕಣ್ಣು ತುಂಬಿಕೊಂಡಾಗಲೆಲ್ಲ, ಬೇರೆ ಯಾರಿಗೋ ಸಲ್ಲಬೇಕಾದದ್ದನ್ನು ತೆಗೆದುಕೊಂಡ ಹಾಗೆ ನನಗೆ ಕಸಿವಿಸಿಯಾಗುತ್ತದೆ. ಆ ಹಾಳೆಯ ನಕಲನ್ನು ಗಲ್ಲಾ ಡ್ರಾಯರಿನಲ್ಲಿ ಇಟ್ಟಿದ್ದೇನೆ. ಎಷ್ಟೋ ಸಲ ತೆಗೆದು ಬೆಳಕಿಗೆ ಹಿಡಿದು ನೋಡಿದ್ದೇನೆ. ರುಜು ನನ್ನದೇ.